ಏರು ಹತ್ತೋಕೆ ಸ್ಕೂಟರ್‌ನಲ್ಲಿ ಏನು ಬದಲಿಸಿದೆ?

ಸ್ಕೂಟರ್ ಏರಿನಲ್ಲಿ ಎಳೆಯುತ್ತಿಲ್ಲ ಅಂದರೆ ಸಾಕು, ನಮ್ಮ ತೀರ್ಥಹಳ್ಳಿ ಕಡೆ ಸಲಹೆ ರೆಡಿ ಇರುತ್ತದೆ. ಸೈಲೆನ್ಸರ್ ಬದಲಿಸು, ಇಲ್ಲಾಂದ್ರೆ ದೊಡ್ಡ ಬೋರ್, ಅಂದರೆ ಅಗಲದ ಸಿಲಿಂಡರ್ ಹಾಕಿಸಿ ಸಿಸಿ ಹೆಚ್ಚಿಸು. ನಾನು ಎರಡನ್ನೂ ಮಾಡಿಸಲಿಲ್ಲ. ಕಂಪನಿ ಕೊಟ್ಟ ಸಿಸಿ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಆಗುಂಬೆಯಂಥ ಕಾಡಲ್ಲಿ ಆ ಸೈಲೆನ್ಸರ್ ಸದ್ದಂತೂ ಬೇಡವೇ ಬೇಡ.

ಇದು ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇರುವ ಹಳೇ 110 ಸಿಸಿ ಗಾಡಿ. ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ. ತುದಿ ತಿಳಿ ಕಂದು ಬಣ್ಣ, ಅಂದರೆ ಪೆಟ್ರೋಲ್ ಮತ್ತು ಗಾಳಿಯ ಲೆಕ್ಕ ಸರಿ ಇದೆ. ಮಸಿ ಕಟ್ಟಿದ್ದರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಂತ. ಏರ್ ಫಿಲ್ಟರ್ ಮಾತ್ರ ಹೊಸದು ಹಾಕಿದೆ. ಘಟ್ಟದ ಎತ್ತರಕ್ಕೆ ಜೆಟ್, ಅಂದರೆ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಭಾಗ, ಬದಲಿಸಬೇಕು ಅಂತ ಕೆಲವರು ಹೇಳುತ್ತಾರೆ. ಶಿವಮೊಗ್ಗ, ಆಗುಂಬೆ ಎರಡೂ ಆರುನೂರು ಮೀಟರ್ ಆಸುಪಾಸಿನಲ್ಲೇ ಇವೆ, ಅಷ್ಟಕ್ಕೆಲ್ಲ ಜೆಟ್ ಮುಟ್ಟೋದು ಬೇಕಾಗಿಲ್ಲ. ಇಲ್ಲಿ ತೊಂದರೆ ಎತ್ತರದ್ದಲ್ಲ, ಏರಿನದು. ಆಗುಂಬೆ ಘಾಟಿಯ ಬುಡದ ಸೋಮೇಶ್ವರದಿಂದ ಮೇಲೆ 14 ಹೇರ್‌ಪಿನ್ ತಿರುವು. ಪ್ರತಿ ತಿರುವಿನಲ್ಲೂ ಸ್ಪೀಡ್ ಬೀಳುತ್ತದೆ, ಅಲ್ಲಿಂದ ಮತ್ತೆ ಎದ್ದು ಹತ್ತಬೇಕು.

ಅದಕ್ಕೇ ಎಡಗಡೆ ಕವರ್ ಬಿಚ್ಚಿದ್ದು. ನೋಡಿ, ಮುಂದೆ ಇರೋದು ವೇರಿಯೇಟರ್, ಹಿಂದಿನ ಚಕ್ರದ ಕಡೆ ಹೋಗುವ ಬೆಲ್ಟ್ ತಿರುಗಿಸುವ ಪುಲ್ಲಿ, ಒಳಗೆ ಆರು ರೋಲರ್. ಇಂಜಿನ್ ಜೋರಾಗಿ ತಿರುಗಿದಷ್ಟೂ ಇವು ಹೊರಗೆ ಸರಿದು ಪ್ಲೇಟನ್ನು ತಳ್ಳುತ್ತವೆ, ಬೆಲ್ಟ್ ಮೇಲೇರುತ್ತದೆ. ಗೇರ್ ಬದಲಾಗುವುದು ಅಂದರೆ ಇಷ್ಟೇ. ರೋಲರ್ ಭಾರ ಇದ್ದರೆ ಬೆಲ್ಟ್ ಬೇಗ ಮೇಲೇರುತ್ತದೆ, ಬೇಗ ಮೇಲಿನ ಗೇರಿಗೆ ಹೋದಂತೆ, ಏರಿನಲ್ಲಿ ಇಂಜಿನ್ ಉಸಿರು ಕಟ್ಟುತ್ತದೆ. ಹಗುರ ಇದ್ದರೆ ಇಂಜಿನ್ ಜಾಸ್ತಿ ಆರ್‌ಪಿಎಂನಲ್ಲೇ ತಿರುಗುತ್ತಿರುತ್ತದೆ. ಈ ಸಣ್ಣ ಇಂಜಿನ್‌ಗಳ ಪವರ್ ಇರುವುದೇ ಅಲ್ಲಿ, ಏಳೆಂಟು ಸಾವಿರದ ಹತ್ತಿರ.

ಹಳೇ ರೋಲರ್ ಹತ್ತಿರದಿಂದ ನೋಡಿ. ಗುಂಡಗಿರಬೇಕಾದದ್ದು ಒಂದು ಬದಿ ಸವೆದು ಚಪ್ಪಟೆಯಾಗಿದೆ. ನೆಲದ ಮೇಲೆ ಉರುಳಿಸಿದರೆ ಅರ್ಧ ಸುತ್ತು ಹೋಗಿ ಟಕ್ ಅಂತ ಕೂರುತ್ತದೆ. ಇಂಥ ರೋಲರ್ ಇಟ್ಟುಕೊಂಡು ಕಾರ್ಬ್ಯುರೇಟರ್ ಎಷ್ಟು ಟ್ಯೂನ್ ಮಾಡಿದರೂ ಪಿಕಪ್ ಬರಲ್ಲ. ಹೊಸದಾಗಿ ಹಾಕಿದ್ದು ಒಂದೊಂದೂ ಒಂದು ಗ್ರಾಂ ಕಡಿಮೆ ತೂಕದ್ದು. ಆರೂ ಒಂದೇ ತೂಕ ಇರಬೇಕು, ಅದು ಮುಖ್ಯ. ಬೆಲ್ಟ್ ಕೂರುವ ಜಾಗ ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಅಲ್ಲಿಗೆ ಗ್ರೀಸ್ ತಾಗಿದರೆ ಬೆಲ್ಟ್ ಜಾರುತ್ತದೆ.

2020ರ ನಂತರದ, ಬಿಎಸ್6 ಹೊಗೆ ನಿಯಮದ ಸ್ಕೂಟರ್ ಆದರೆ ಕಾರ್ಬ್ಯುರೇಟರ್ ಇರಲ್ಲ, ಪೆಟ್ರೋಲ್ ಲೆಕ್ಕ ಇಸಿಯು ಅನ್ನೋ ಪುಟ್ಟ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ವೇರಿಯೇಟರ್ ಕೆಲಸ ಮಾತ್ರ ಅದೇ.

ಈಗ ಘಾಟಿ ಹತ್ತುತ್ತಿದ್ದೇವೆ, ಹಿಂದೆ ಅಮ್ಮ ಕೂತಿದ್ದಾರೆ. ತಿರುವಿನಿಂದ ಎದ್ದ ಕೂಡಲೇ ಎಳೆಯುತ್ತಿದೆ, ಇಂಜಿನ್ ಸದ್ದು ಕೇಳಿ, ಎಲ್ಲೂ ಇಳಿಯುತ್ತಿಲ್ಲ. ನನಗೆ ನಿಜಕ್ಕೂ ಖುಷಿಯಾಯಿತು. ಇದಕ್ಕೆ ಬೆಲೆಯೂ ಇದೆ. ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗಕ್ಕೆ ಹೋಗುವಾಗ ಅದೇ ಸ್ಪೀಡಿಗೆ ಇಂಜಿನ್ ಜಾಸ್ತಿ ತಿರುಗುತ್ತದೆ, ಮೈಲೇಜ್ ಸ್ವಲ್ಪ ಕಡಿಮೆ. ದಿನಾ ಪೇಟೆಯಲ್ಲೇ ಓಡಿಸುವವರು ಕಂಪನಿ ತೂಕದ ರೋಲರನ್ನೇ ಹಾಕಿಸಿ.

ಇನ್ನೊಂದು ಮಾತು. ಇಳಿಯುವಾಗ ತೀರಾ ನಿಧಾನ ಮಾಡಿದರೆ ಸ್ಕೂಟರ್ ಕ್ಲಚ್ ತಾನೇ ಬಿಟ್ಟುಕೊಳ್ಳುತ್ತದೆ, ಇಂಜಿನ್ ಹಿಡಿತ ಹೋಗಿ ಪೂರ್ತಿ ಭಾರ ಬ್ರೇಕ್ ಮೇಲೆ. ಹಾಗಾಗಿ ರೋಲರ್ ಬದಲಿಸುವ ದಿನವೇ ಬ್ರೇಕ್ ಶೂ ಕೂಡ ಬಿಚ್ಚಿ ನೋಡಿಬಿಡಿ.