ಒಂದೇ ವಿಳಾಸದ ಎರಡು ಸೆನ್ಸರ್: ಪಿನ್ ಮಕ್ಸ್ ಡ್ರೈವರ್ ಹೊಂದಿಸೋದು ಹೇಗೆ?

ನಮಸ್ಕಾರ. ಗಂಗಾವತಿ, ಕಾರಟಗಿ ಕಡೆ ರೈಸ್ ಮಿಲ್‌ಗಳಿಗೆ ಬೋರ್ಡ್ ಕೂರಿಸುವ ಹುಡುಗರದ್ದು ಒಂದೇ ತಕರಾರು. "ಅಣ್ಣ, ಡ್ರೈಯರ್ ಒಳಗೆ ಹೋಗೋ ಗಾಳಿಗೊಂದು, ಹೊರಗೆ ಬರೋ ಗಾಳಿಗೊಂದು ಎಎಚ್‌ಟಿ20 ಸೆನ್ಸರ್ ಹಾಕೀವಿ. ಒಂದೊಂದೇ ಹಾಕಿದ್ರೆ ಸರಿ ಓದುತ್ತೆ, ಎರಡೂ ಹಾಕಿದ್ರೆ ಕೆಡುತ್ತೆ."

ಕೆಡಲೇಬೇಕು. ಎಎಚ್‌ಟಿ20 ಗಾಳಿಯ ಉಷ್ಣತೆ, ತೇವಾಂಶ ಅಳೆಯುವ ಸೆನ್ಸರ್. ಅದು ಐ2ಸಿ ಅನ್ನೋ ಎರಡು ತಂತಿಯ ಬಸ್ ಮೇಲೆ ಮಾತಾಡುತ್ತದೆ, ಅಲ್ಲಿ ಅದರ ವಿಳಾಸ ಹೆಕ್ಸ್ 38. ಅದನ್ನು ಬದಲಿಸೋಕೆ ಬರಲ್ಲ. ಒಂದೇ ಬಸ್ಸಿನಲ್ಲಿ ಎರಡಿದ್ದರೆ ಎರಡೂ ಒಟ್ಟಿಗೆ ಉತ್ತರ ಕೊಡುತ್ತವೆ.

[ಪರದೆ ಮೇಲೆ: ಒಂದು ಕಂಟ್ರೋಲರ್, ಎರಡು ಜೊತೆ ಪಿನ್]

ಕೆಲವು ಚಿಪ್‌ಗಳಲ್ಲಿ ಒಂದೇ ಐ2ಸಿ ಕಂಟ್ರೋಲರನ್ನು ಎರಡು ಬೇರೆ ಬೇರೆ ಜೊತೆ ಪಿನ್‌ಗಳಿಗೆ ತಿರುಗಿಸಬಹುದು. ಹೀಗೆ ದಾರಿ ತಿರುಗಿಸೋದಕ್ಕೇ ಮಕ್ಸ್ ಅನ್ನೋದು. ಎಡದಂಡೆ ಕಾಲುವೆಯ ತೂಬಿನ ಹಾಗೆ: ನೀರು ಒಂದೇ, ಪಾಳಿ ಪ್ರಕಾರ ಒಮ್ಮೆ ಈ ಗದ್ದೆಗೆ, ಒಮ್ಮೆ ಆ ಗದ್ದೆಗೆ. ಈ ಕೆಲಸಕ್ಕೆ ಲಿನಕ್ಸ್ ಕರ್ನಲ್‌ನಲ್ಲಿ ರೆಡಿ ಡ್ರೈವರ್ ಇದೆ, ಐ2ಸಿ-ಮಕ್ಸ್-ಪಿನ್‌ಕಂಟ್ರೋಲ್. 2012ರಲ್ಲಿ ಎನ್ವಿಡಿಯಾದ ಸ್ಟೀಫನ್ ವಾರೆನ್ ಬರೆದದ್ದು. ನಿಮ್ಮ ಚಿಪ್‌ನಲ್ಲಿ ಈ ಸೌಲಭ್ಯ ಇಲ್ವಾ? ಹೊರಗಡೆ ಒಂದು ಮಕ್ಸ್ ಚಿಪ್ ಹಾಕಿ, ಐ2ಸಿ-ಮಕ್ಸ್-ಜಿಪಿಐಒ ಡ್ರೈವರ್ ಬಳಸಿ. ಅದರ ಕಥೆ ಬೇರೆ.

ಮೊದಲು ಮೆನುಕಾನ್ಫಿಗ್, ಅಂದ್ರೆ ಕರ್ನಲ್‌ನಲ್ಲಿ ಏನೇನು ಬೇಕು ಅಂತ ಆರಿಸುವ ಮೆನು. ಡಿವೈಸ್ ಡ್ರೈವರ್ಸ್, ಐ2ಸಿ ಸಪೋರ್ಟ್, ಅದರೊಳಗೆ ಮಲ್ಟಿಪ್ಲೆಕ್ಸರ್ ಪಟ್ಟಿ. ಪಿನ್‌ಕಂಟ್ರೋಲ್ ಇರುವುದನ್ನು ಆನ್ ಮಾಡಿ. ಇಷ್ಟೇ.

[ಪರದೆ ಮೇಲೆ: ಡಿವೈಸ್ ಟ್ರೀ ಫೈಲ್]

ನಿಜವಾದ ಕೆಲಸ ಇಲ್ಲಿ. ಬೋರ್ಡ್ ಮೇಲೆ ಏನೇನಿದೆ ಅಂತ ಕರ್ನಲ್‌ಗೆ ತಿಳಿಸುವ ಫೈಲ್ ಇದು, ಅದರ ಒಂದೊಂದು ಭಾಗ ಒಂದೊಂದು ನೋಡ್. ಮಕ್ಸ್‌ಗೆ ಒಂದು ನೋಡ್ ಬರೆಯಿರಿ. ಐ2ಸಿ-ಪೇರೆಂಟ್ ಅನ್ನೋ ಸಾಲು ಅಸಲಿ ಕಂಟ್ರೋಲರ್ ಯಾವುದು ಅಂತ ತೋರಿಸುತ್ತದೆ. ಪಿನ್‌ಕಂಟ್ರೋಲ್-ನೇಮ್ಸ್ ಸಾಲಿನಲ್ಲಿ ಪಿನ್‌ಗಳ ಸ್ಥಿತಿಗಳ ಹೆಸರು ಬರುತ್ತವೆ. ಇಲ್ಲಿ "ಒಳಗಾಳಿ", "ಹೊರಗಾಳಿ" ಅಂದುಕೊಳ್ಳಿ, ಕೊನೆಗೆ "ಐಡಲ್", ಅಂದ್ರೆ ಯಾವ ದಾರಿಯೂ ಬಳಕೆಯಲ್ಲಿಲ್ಲದ ಸ್ಥಿತಿ. ಐಡಲ್ ಬಿಟ್ಟು ಉಳಿದ ಹೆಸರು ನಿಮ್ಮಿಷ್ಟ, ಕ್ರಮ ನಿಮ್ಮಿಷ್ಟ ಅಲ್ಲ. ಮಕ್ಸ್ ನೋಡ್‌ನ ಒಳಗೆ ಒಂದೊಂದು ದಾರಿಗೆ ಒಂದೊಂದು ಮರಿ ನೋಡ್, ಅದರ ಸಂಖ್ಯೆ ರೆಗ್ ಸಾಲಿನಲ್ಲಿ. ಮೊದಲ ಹೆಸರು ರೆಗ್ 0 ಇರುವ ಮರಿ ನೋಡ್‌ಗೆ, ಎರಡನೆಯದು ರೆಗ್ 1 ಇರುವುದಕ್ಕೆ. ಐಡಲ್ ಕೊನೆಯಲ್ಲೇ ಇರಬೇಕು. ನಡುವೆ ಇಟ್ಟರೆ ಡ್ರೈವರ್ ಎದ್ದೇಳೋದೇ ಇಲ್ಲ. ಐಡಲ್ ಬರೆಯದಿದ್ದರೂ ನಡೆಯುತ್ತದೆ, ಆದರೆ ಕೆಲಸ ಮುಗಿದ ಮೇಲೂ ಕೊನೆಗೆ ಬಳಸಿದ ದಾರಿ ತೆರೆದೇ ಇರುತ್ತದೆ. ನಾನಂತೂ ಬರೆಯುತ್ತೇನೆ.

ಈಗ ಜಾಸ್ತಿ ಜನ ಮರೆಯುವ ವಿಷಯ. "ಒಳಗಾಳಿ" ಸ್ಥಿತಿಯಲ್ಲಿ ಮೊದಲ ಜೊತೆಯನ್ನು ಐ2ಸಿಗೆ ಕೊಟ್ಟು ಸುಮ್ಮನಾಗಬೇಡಿ. ಎರಡನೇ ಜೊತೆಯನ್ನು ಐ2ಸಿಯಿಂದ ಬಿಡಿಸಿ ಅಂತಲೂ ಅಲ್ಲೇ ಬರೆಯಿರಿ. ಎನ್ವಿಡಿಯಾದ ಟೆಗ್ರಾ20 ಚಿಪ್ ಇರುವ ಬೋರ್ಡ್‌ಗಳ ಡಿವೈಸ್ ಟ್ರೀ ಫೈಲ್‌ಗಳನ್ನು ತೆಗೆದು ನೋಡಿ: ಡಿಡಿಸಿ ಅನ್ನೋ ಪಿನ್ ಗುಂಪಿಗೆ ಐ2ಸಿ2 ಫಂಕ್ಷನ್ ಕೊಟ್ಟಾಗ ಪಿಟಿಎ ಅನ್ನೋ ಗುಂಪನ್ನು ಕೆಲಸಕ್ಕಿಲ್ಲದ ಫಂಕ್ಷನ್‌ಗೆ ತಳ್ಳಿರುತ್ತಾರೆ. ಮುಂದಿನ ಸ್ಥಿತಿಯಲ್ಲಿ ಉಲ್ಟಾ. ಐಡಲ್‌ನಲ್ಲಿ ಎರಡನ್ನೂ ತಳ್ಳಿರುತ್ತಾರೆ.

ಇನ್ನೊಂದು. ಪೇರೆಂಟ್ ಕಂಟ್ರೋಲರ್ ನೋಡ್‌ನಲ್ಲಿ ಇದೇ ಪಿನ್‌ಗಳನ್ನು ಬರೆದಿದ್ದರೆ ತೆಗೆದುಬಿಡಿ. ಇಲ್ಲಾಂದ್ರೆ ಡಿಮೆಸೇಜ್‌ನಲ್ಲಿ, ಅಂದ್ರೆ ಕರ್ನಲ್‌ನ ಸಂದೇಶಗಳಲ್ಲಿ, "ಪಿನ್ ಆಲ್‌ರೆಡಿ ರಿಕ್ವೆಸ್ಟೆಡ್" ಅಂತ ಬೈಗುಳ ಗ್ಯಾರಂಟಿ.

ವೈರಿಂಗ್ ಬಗ್ಗೆ ಒಂದು ಮಾತು. ಎರಡೂ ಜೊತೆಗೆ ಬೇರೆ ಬೇರೆ ಪುಲ್‌ಅಪ್, ಅಂದ್ರೆ ತಂತಿಯನ್ನು ಸಪ್ಲೈ ವೋಲ್ಟೇಜಿಗೆ ಎಳೆದಿಡುವ ರೆಸಿಸ್ಟರ್, ಬೇಕು. ಸಾವುಕಾರರು ಹೇಳಿದರು ಅಂತ ಗೋಡೌನ್‌ನ ಆ ತುದಿವರೆಗೂ ವೈರ್ ಎಳೆಯಬೇಡಿ. ಬಸ್ಸಿನ ಕೆಪಾಸಿಟೆನ್ಸ್ ಮಿತಿ 400 ಪಿಕೋಫ್ಯಾರಡ್. ಉದ್ದ ವೈರ್ ಅದನ್ನು ಬೇಗ ತಿಂದುಹಾಕುತ್ತದೆ.

[ಪರದೆ ಮೇಲೆ: ಟರ್ಮಿನಲ್]

ರೀಬೂಟ್ ಆದ ಮೇಲೆ ಬಸ್‌ಗಳ ಪಟ್ಟಿ ನೋಡೋಕೆ ಐ2ಸಿಡಿಟೆಕ್ಟ್ ಕಮಾಂಡಿಗೆ ಮೈನಸ್ ಎಲ್ ಕೊಡಿ. ಹೆಸರಿನ ಕೊನೆಗೆ "ಮಕ್ಸ್, ಚಾನ್ ಐಡಿ 0" ಮತ್ತು "ಚಾನ್ ಐಡಿ 1" ಅಂತ ಎರಡು ಹೊಸ ಬಸ್ ಕಾಣಬೇಕು. ಎರಡನ್ನೂ ಸ್ಕ್ಯಾನ್ ಮಾಡಿ. ಎರಡರಲ್ಲೂ 38 ಬಂತಾ? ಇನ್ನೂ ನಂಬಬೇಡಿ. ಒಂದು ಸೆನ್ಸರ್ ಬಿಚ್ಚಿ ಮತ್ತೆ ಸ್ಕ್ಯಾನ್ ಮಾಡಿ. ಅದರ ಬಸ್ಸಿನಲ್ಲಿ ಮಾತ್ರ 38 ಮಾಯವಾಗಬೇಕು. ಬಿಚ್ಚಿದ ಮೇಲೂ ಎರಡರಲ್ಲೂ ಕಾಣುತ್ತಿದ್ದರೆ ಎರಡು ಜೊತೆ ಪಿನ್ನೂ ಒಟ್ಟಿಗೆ ತೆರೆದಿರಬಹುದು. ಸ್ಥಿತಿಗಳನ್ನು ಮತ್ತೆ ತೆರೆದು, ಬಿಡಿಸುವ ಸಾಲು ಎಲ್ಲಿ ಬಿಟ್ಟುಹೋಗಿದೆ ಅಂತ ಹುಡುಕಿ.