ಬ್ಯಾಂಕಿನ ಕಿರಿಕಿರಿ, ಮೋಸಗಾರನ ದಾರಿ

ಎಲ್ಲರಿಗೂ ನಮಸ್ಕಾರ.

ಆನ್‌ಲೈನ್ ಮೋಸದ ಮಾತು ಬಂದರೆ ಎಲ್ಲರೂ ಹೇಳುವುದು ‘ಒಟಿಪಿ ಕೊಡಬೇಡಿ’ ಅಂತ. ಸರಿ, ಕೊಡಬಾರದು. ಆದರೆ ಓದಿದವರೂ ಯಾಕೆ ಕೊಡುತ್ತಾರೆ? ದುರಾಸೆಯಿಂದ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬ್ಯಾಂಕಿಗೆ ಅಲೆದು ಅಲೆದು ಸುಸ್ತಾಗಿರುತ್ತಾರೆ. ಕೆಲಸ ಒಂದು ಸಲ ಮುಗಿದರೆ ಸಾಕು ಅನಿಸಿರುತ್ತದೆ. ಮೋಸಗಾರ ಬರುವುದು ಆ ಹೊತ್ತಿಗೇ.

ಕೆವೈಸಿಯನ್ನೇ ನೋಡಿ, ಅಂದರೆ ಗ್ರಾಹಕರ ಗುರುತು, ವಿಳಾಸವನ್ನು ಬ್ಯಾಂಕು ಖಚಿತಪಡಿಸಿಕೊಳ್ಳುವ ಕೆಲಸ. ಕೌಂಟರಿಗೆ ಹೋದರೆ ‘ಸರ್ವರ್ ಡೌನ್, ನಾಳೆ ಬನ್ನಿ’. ನಾಳೆ ಹೋದರೆ ಇನ್ನೊಂದು ಜೆರಾಕ್ಸ್ ಬೇಕು. ಈ ನಡುವೆ ‘ಇವತ್ತು ರಾತ್ರಿ ನಿಮ್ಮ ಖಾತೆ ಬಂದ್, ಈ ಆ್ಯಪ್ ಹಾಕಿಕೊಳ್ಳಿ’ ಎಂದು ವಾಟ್ಸಾಪ್ ಬಂದರೆ ಯಾರಿಗಾದರೂ ಗಾಬರಿ ಆಗುತ್ತೆ, ಅಲ್ವಾ? ಆ ಆ್ಯಪ್‌ನ ಎಪಿಕೆ ಫೈಲ್ ಹಾಕಿಕೊಂಡು, ಅದು ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟರೆ ನಿಮ್ಮ ಎಸ್ಸೆಮ್ಮೆಸ್‌ಗಳನ್ನು ಅವರೇ ಓದುತ್ತಾರೆ. ನೀವು ಬಾಯಿಬಿಟ್ಟು ಒಟಿಪಿ ಹೇಳುವ ಅಗತ್ಯವೇ ಇಲ್ಲ.

ನಿಜವಾದ ನಿಯಮ ಇಷ್ಟು ಅವಸರದ್ದಲ್ಲ. ಬ್ಯಾಂಕು ‘ಕಡಿಮೆ ಅಪಾಯದವರು’ ಎಂದು ಗುರುತಿಸಿದ ಗ್ರಾಹಕರು 10 ವರ್ಷಕ್ಕೊಮ್ಮೆ ಕೆವೈಸಿ ಮಾಡಿಸಿದರೆ ಸಾಕು. ಸಂಬಳದವರು, ಪಿಂಚಣಿಯವರು ಸಾಮಾನ್ಯವಾಗಿ ಇದರಲ್ಲೇ ಬರುತ್ತಾರೆ. ವಿವರ ಏನೂ ಬದಲಾಗದಿದ್ದರೆ ಹಾಗೆಂದು ಬರೆದುಕೊಟ್ಟರೆ ಆಯಿತು. ನೋಂದಾಯಿಸಿದ ಮೊಬೈಲ್ ಅಥವಾ ಇಮೇಲ್‌ನಿಂದಲೂ ಕೊಡಬಹುದು. ಇದನ್ನು ಬ್ಯಾಂಕುಗಳು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಬೇಕಿತ್ತು.

ಇನ್ನೊಂದು ಸಂಕಟ ಎಟಿಎಂನದು. ಹಣ ಬರಲಿಲ್ಲ, ಖಾತೆಯಿಂದ ಮಾತ್ರ ಕಡಿತ ಆಯಿತು. ಬ್ಯಾಂಕಿಗೆ ಫೋನ್ ಮಾಡಿದರೆ ‘ಒಂದು ಒತ್ತಿ, ಎರಡು ಒತ್ತಿ’. ಮನುಷ್ಯರ ದನಿ ಸಿಗುವುದೇ ಇಲ್ಲ. ಆಗ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತೇವೆ. ಅಲ್ಲಿ ನಕಲಿ ನಂಬರ್ ಕಾದಿರುತ್ತದೆ. ಅವರು ಮಾತ್ರ ಮೊದಲ ರಿಂಗಿಗೇ ಎತ್ತುತ್ತಾರೆ, ತುಂಬಾ ಮರ್ಯಾದೆಯಿಂದ ಮಾತಾಡುತ್ತಾರೆ. ಆಮೇಲೆ ಸ್ಕ್ರೀನ್ ತೋರಿಸಿ ಅನ್ನುತ್ತಾರೆ, ‘ಹಣ ವಾಪಸ್ ಬರಲು’ ಯುಪಿಐ ಪಿನ್ ಹಾಕಿ ಅನ್ನುತ್ತಾರೆ. ಹಣ ಬರುವುದಕ್ಕೆ ಪಿನ್ ಬೇಕಿಲ್ಲ. ಪಿನ್ ಹಾಕಿದರೆ ಹಣ ಹೋಗುತ್ತದೆ. ನಂಬರ್ ಬೇಕಾದರೆ ಕಾರ್ಡಿನ ಹಿಂದೆ ಇರುವುದನ್ನೇ ನೋಡಿ.

2019ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಎಟಿಎಂನಲ್ಲಿ ಹೀಗೆ ಕಡಿತವಾದ ಹಣವನ್ನು ಬ್ಯಾಂಕು 5 ದಿನದೊಳಗೆ ತಾನಾಗಿಯೇ ಹಿಂದಿರುಗಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ಗೊತ್ತಿದ್ದವರು ಗಾಬರಿಯಿಂದ ನಂಬರ್ ಹುಡುಕುವುದಿಲ್ಲ.

ಇಷ್ಟಾದರೂ ಹಣ ಹೋಯಿತು ಅಂದುಕೊಳ್ಳಿ. ದಯವಿಟ್ಟು ನಾಚಿಕೆಯಿಂದ ಮುಚ್ಚಿಡಬೇಡಿ. ಮನೆಯವರು ಬೈಯುತ್ತಾರೆ ಅಂತ ಒಂದು ದಿನ ಸುಮ್ನೆ ಕೂತರೆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ಎಟಿಎಂನಿಂದ ಹೊರಗೆ ಹೋಗಿಬಿಡುತ್ತದೆ. ತಕ್ಷಣ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ನಡುದಾರಿಯಲ್ಲೇ ತಡೆಹಿಡಿಯುವ ಅವಕಾಶ ಉಂಟು. ಜೊತೆಗೆ ಬ್ಯಾಂಕಿಗೂ ದೂರು ಕೊಡಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ.

ಬ್ಯಾಂಕಿನಲ್ಲಿ ‘ನಾವೇನೂ ಮಾಡೋಕಾಗಲ್ಲ’ ಅನ್ನಬಹುದು. ಅದು ಪೂರ್ತಿ ಸರಿಯಲ್ಲ. 2017ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿಯಮ ಹೇಳುವುದೇ ಬೇರೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಆಗಿದ್ದರೆ, 3 ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಮೇಲೆ ಹೊಣೆಯೇ ಇಲ್ಲ. ತಪ್ಪು ಗ್ರಾಹಕರದು ಅಂತ ಸಾಬೀತು ಮಾಡುವ ಕೆಲಸ ಬ್ಯಾಂಕಿನದು. ನೀವೇ ಒಟಿಪಿ ಕೊಟ್ಟಿದ್ದರೆ ದೂರು ಕೊಡುವ ತನಕದ ನಷ್ಟ ನಿಮ್ಮದು, ಆದರೆ ದೂರು ಕೊಟ್ಟ ಮೇಲೆ ಹೋದದ್ದು ಬ್ಯಾಂಕಿನ ಹೊಣೆ. ಹಾಗಾಗಿ ದೂರು ಕೊಟ್ಟ ದಿನ, ಗಂಟೆ ಎಲ್ಲ ಬರೆದಿಟ್ಟುಕೊಳ್ಳಿ.

30 ದಿನದಲ್ಲಿ ಬ್ಯಾಂಕು ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸರಿ ಅನಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಯ ಹತ್ತಿರ, ಹೋಗಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ವಿವರ ಕೇಳಬಹುದು.

ಬ್ಯಾಂಕಿನಿಂದ ಬಂದ ಪತ್ರವನ್ನೋ ಮೆಸೇಜನ್ನೋ ತಂದಿರುವವರು ಮುಂದೆ ಬನ್ನಿ. ಒಟ್ಟಿಗೆ ಕೂತು ಓದೋಣ.