ಬಾತ್‌ಟಬ್ಬಿಗೆ ಆಸಿಡ್ ಯಾಕೆ ಬೇಡ

ನಮಸ್ಕಾರ. ಬಾತ್‌ಟಬ್ಬಿನ ಒಳಬದಿಗೆ ನೀರು ನಿಂತ ಮಟ್ಟದಲ್ಲಿ ಬೂದು ಬಣ್ಣದ ಗೆರೆ ಕಟ್ಟುತ್ತದಲ್ಲ, ಒಣಗಿದಾಗ ಅದನ್ನು ಬೆರಳಲ್ಲಿ ಉಜ್ಜಿ ನೋಡಿ. ಸುಣ್ಣದ ಹಾಗೆ ಒರಟು. ಒದ್ದೆ ಮಾಡಿದರೆ ಜಿಡ್ಡು. ಎರಡೂ ಹೌದು. ಸಾಬೂನಿನ ಕೊಬ್ಬು, ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೇರಿ ಆದ ಪದರ ಅದು. ಬರೀ ನೀರಿಗೆ ಕರಗುವುದಿಲ್ಲ.

ತುಂಬೆ ಡ್ಯಾಮಿನಿಂದ ಮಂಗಳೂರಿಗೆ, ಬಜೆ ಡ್ಯಾಮಿನಿಂದ ಉಡುಪಿಗೆ ಬರುವುದು ಹೊಳೆ ನೀರು, ಮೆದು. ಬೇಸಿಗೆಯಲ್ಲಿ ಅದು ಸಾಲದೆ ಬೋರ್‌ವೆಲ್ಲಿನ ಗಡಸು ನೀರು ಟ್ಯಾಂಕಿಗೆ ಬಿತ್ತೋ, ಅದೇ ಸಾಬೂನಿಗೆ ನೊರೆ ಕಮ್ಮಿ, ಪದರ ಜಾಸ್ತಿ.

ಆಗ ಕೈ ಹೋಗುವುದು ಬಚ್ಚಲು ತೊಳೆಯುವ ಆಸಿಡ್ ಬಾಟ್ಲಿಗೆ. ಬೇಡ ಮಾರಾಯ್ರೆ. ನಲ್ಲಿಯ ಹೊಳಪು ಹೋಗುತ್ತದೆ, ಟೈಲ್ಸ್ ಸಂದಿನ ಸಿಮೆಂಟು ಕರಗುತ್ತದೆ. ಬ್ಲೀಚಿಂಗ್ ಪೌಡರಿಗೆ ತಾಗಿದರೆ ಕ್ಲೋರಿನ್ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ವಿನೆಗರನ್ನೂ ಬ್ಲೀಚಿಗೆ ಸೇರಿಸಬಾರದು.

ವಿನೆಗರಿಗೆ ಅಡುಗೆ ಸೋಡಾ ಹಾಕಿ ಬುಸ್ಸೆನ್ನಿಸುವುದನ್ನೂ ಬಿಡಿ. ಆಮ್ಲ, ಕ್ಷಾರ ಒಂದನ್ನೊಂದು ಕೊಂದು ಉಳಿಯುವುದು ಹೆಚ್ಚುಕಮ್ಮಿ ಉಪ್ಪುನೀರು. ಹಿತ್ತಾಳೆ ತಿಕ್ಕಲು ಒಳ್ಳೆಯದಾದ ಹುಳಿ ಕಾಯಿ ಬಿಂಬುಳಿಯೂ ಇಲ್ಲಿಗಲ್ಲ. ಅದರ ಆಕ್ಸಾಲಿಕ್ ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿದರೆ ಕರಗದ ಇನ್ನೊಂದು ಪುಡಿಯಾಗುತ್ತದೆ.

ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ ಟಬ್ಬಿಗೆ ಕೆಲಸ ಹೀಗೆ. ಟಬ್ಬಿಗೆ ಬಿಸಿನೀರು ಹೊಯ್ದು ಬೆಚ್ಚಗೆ ಮಾಡಿ, ನೀರು ಬಸಿಯಲು ಬಿಡಿ. ಒಂದು ಕಪ್ ಬಿಳಿ ವಿನೆಗರನ್ನು ಉಗುರುಬೆಚ್ಚಗೆ ಮಾಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ದೊಡ್ಡ ಚಮಚ ಬೆರೆಸಿ. ಎರಡೂ ಬೇಕು. ವಿನೆಗರ್ ಕ್ಯಾಲ್ಸಿಯಂ ಬಿಡಿಸಿದ ಮೇಲೆ ಉಳಿಯುವ ಜಿಡ್ಡನ್ನು ಎತ್ತುವುದು ಲಿಕ್ವಿಡ್. ಟಬ್ಬಿನ ಗೋಡೆ ಇಳಿಜಾರು, ಸಿಂಪಡಿಸಿದ್ದು ಕೆಳಗಿಳಿದು ಹೋಗುತ್ತದೆ. ಹಾಗಾಗಿ ಹಳೆ ಬೈರಾಸನ್ನು (ಟವೆಲ್) ಅದರಲ್ಲಿ ಅದ್ದಿ ಗೆರೆಯ ಮೇಲೆ ಅಂಟಿಸಿ, ಅರ್ಧ ಗಂಟೆ ಬಿಡಿ. ಎಪ್ರಿಲ್ ಸೆಕೆಗೆ ಬೇಗ ಒಣಗುತ್ತದೆ, ನಡುವೆ ಮತ್ತೆ ಒದ್ದೆ ಮಾಡಿ. ಒಣಗಿದರೆ ಪಟ್ಟ ಶ್ರಮ ದಂಡ.

ಆಮೇಲೆ ಮೆತ್ತಗಿನ ಸ್ಪಂಜಿನಿಂದ ಉಜ್ಜಿ. ತೆಂಗಿನ ನಾರು, ಸ್ಟೀಲ್ ಸ್ಕ್ರಬ್ಬರ್ ಅಕ್ರಿಲಿಕ್ಕಿಗೆ ಗೀರು ಹಾಕುತ್ತವೆ, ಮುಂದಿನ ಪದರ ಹಿಡಿಯುವುದು ಆ ಗೀರುಗಳಲ್ಲೇ. ಅಷ್ಟಕ್ಕೂ ಹೋಗದ ಕಲೆಗೆ, ವಿನೆಗರ್ ಪೂರ್ತಿ ತೊಳೆದು, ಮೂರು ಚಮಚ ಅಡುಗೆ ಸೋಡಾಕ್ಕೆ ಒಂದು ಚಮಚ ನೀರು ಕಲಸಿ ಹಚ್ಚಿ ಉಜ್ಜಿ.

ನಲ್ಲಿಗೆ ವಿನೆಗರ್ ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಹಳೆಯ ಎನಾಮಲ್ ಟಬ್ಬಿಗೆ ಹಚ್ಚಲೇಬೇಡಿ, ಹೊಳಪು ಸಾಯುತ್ತದೆ. ಅಲ್ಲಿ ಬಿಸಿನೀರು, ಲಿಕ್ವಿಡ್ ಮಾತ್ರ. ಮಾರ್ಬಲ್ ನೆಲಕ್ಕೂ ಹಳೆ ಮನೆಯ ಕಾವಿ ನೆಲಕ್ಕೂ ವಿನೆಗರ್ ಒಂದು ಹನಿ ಬೀಳಬಾರದು.

ಮಿಂದಾದ ಮೇಲೆ ಗೋಡೆಯ ನೀರನ್ನು ವೈಪರಿನಿಂದ ಎಳೆದುಬಿಡಿ, ಪದರ ಕಟ್ಟಲು ನೀರೇ ಉಳಿಯುವುದಿಲ್ಲ. ಬಾರ್ ಸಾಬೂನು ಬಿಟ್ಟು ಸಾಬೂನಿಲ್ಲದ ಬಾಡಿ ವಾಶ್ ಬಳಸಿದರೆ ಬೋರ್‌ವೆಲ್ ನೀರಲ್ಲೂ ಗೆರೆ ತುಂಬಾ ಕಮ್ಮಿ.